ಬಲಗೆನ್ನೆಯ ಮಚ್ಚೆ

ಬಡಗಿ ಅರಗಿನ ಪಾಲಿಶ್ ಡಬ್ಬಿ ತೆರೆದಾಗಲೆಲ್ಲ ನನಗೆ ಪುಣೆಯ ಕ್ಯಾಂಪ್ ಬಡಾವಣೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸೊಲ್ಲಾಪುರಕ್ಕೆ ಹೊರಟಿದ್ದ ನಾನು, ಅಪ್ಪ ಮತ್ತು ಅಜ್ಜಿ, ತೀರಿಹೋಗಿದ್ದ ಅಜ್ಜನ ಚಿತ್ರ ಒಯ್ಯಲು ಅಲ್ಲೊಂದು ಮನೆಗೆ ಹೋಗಿದ್ದೆವು. ಮೈಸೂರಿನಿಂದ ಬಂದು ನೆಲೆಸಿದ್ದ, ಮರದ ಇನ್‌ಲೇ ಕೆಲಸದ ಕುಟುಂಬ ಅದು. ಬಣ್ಣ ಬಳಸದೆ, ಬೀಟೆ, ಹಲಸು, ತೇಗದ ತೆಳು ಚೂರುಗಳನ್ನು ಕೊರೆದು ಜೋಡಿಸಿಯೇ ಮುಖ ಮೂಡಿಸುತ್ತಿದ್ದರು. ಅಜ್ಜನ ಮೀಸೆಯ ಮೇಲೆ ಬೆರಳಾಡಿಸಿದರೆ ಒಂದು ಸಂದೂ ಸಿಗಲಿಲ್ಲ.

“ಏನ್ರಿ ಇದು! ಎಡಗೆನ್ನಿ ಮ್ಯಾಲಿನ ಮಚ್ಚಿ ಬಲಕ್ಕ ಬಂದು ಕುಂತದ!” ಅಪ್ಪ ರೇಗಿದರು.

“ಹಿಂದುಗಡೆಯಿಂದ ಜೋಡಿಸ್ತೀವಿ ಸಾರ್. ನಕ್ಷೆ ತಿರುಗಿಸಿ ಅಂಟಿಸೋದು ಮರೆತೆ,” ಎಂದರು ಮುದುಕ ಕುಸುರಿಗಾರರು.

“ಎರಡು ಸಲ ಹೇಳಿದ್ದೆ. ಕೇಳಿದ್ರೆ ತಾನೆ?” ಒಳಗಿನಿಂದ ಅವರ ಹೆಂಡತಿ ಸಿಡುಕಿದರು.

“ಇವರು ನಮ್ಮಪ್ಪ ಅಲ್ರಿ, ಬ್ಯಾರೆ ಯಾರೋ. ಮುಖ ಕಿತ್ತು ಹೊಸಾದ್ ಮಾಡ್ರಿ,” ಎಂದರು ಅಪ್ಪ.

ಅದು ಮೂರು ತಿಂಗಳ ಕೆಲಸ. ಕುಸುರಿಗಾರರು ಉಳಿ ಎತ್ತಿಕೊಂಡರು. ಗಾಡಿಗೆ ಹೊತ್ತಾಗುತ್ತಿತ್ತು.

ತಲೆತುಂಬ ಸೆರಗು ಹೊದ್ದು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಎದ್ದು ಬಂದು ಚಿತ್ರವನ್ನು ತನ್ನತ್ತ ಎಳೆದುಕೊಂಡಳು. “ಮುಟ್ಟಬ್ಯಾಡ್ರಿ. ಅವರು ಕನ್ನಡಿ ಮುಂದ ಟೊಪಗಿ ಹಾಕ್ಕೊಳ್ಳುವಾಗ ನಾ ಹಿಂದ ನಿಂತು ನೋಡ್ತಿದ್ದೆ. ಮಚ್ಚಿ ಈ ಕಡೆನ ಇರ್ತಿತ್ತು.”

“ಅವ್ವಾ, ಎದುರಿಗೆ ನೋಡಿದ್ರ ಆ ಕಡೆ ಅದ!”

“ಆಗ ಗಂಡನ ಮುಖ ಎದುರಿಗೆ ಯಾರ್ ನೋಡ್ತಿದ್ರೋ?”

ಗಾಡಿ ದೌಂಡ ಸ್ಟೇಷನ್ ದಾಟುವ ತನಕ ಅಪ್ಪ ಗೊಣಗುತ್ತಲೇ ಇದ್ದರು. ಅಜ್ಜಿಗೆ ಅದು ಕೇಳಿಸಿದಂತಿರಲಿಲ್ಲ. ಚಿತ್ರವನ್ನು ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಸೆರಗು ಹಿಂದಕ್ಕೆ ಸರಿಸಿ, ಅಜ್ಜನ ಮುಖವನ್ನೇ ನೋಡುತ್ತಿದ್ದಳು.