ಪರದೆಯ ಹಿಂದಿನ ದಾಳ

"ಕೋಟೆಗೆ ನಾವು ಹೋಗಲ್ಲ," ಎಂದಳು ಬೊಹ್ದಾನಾ. "ದಾರೀಲಿ ಸಿಕ್ಕ ಆ ಜೇನು ಮಾರುವವನ ಜೊತೆ ನದಿ ದಾಟಿ ಉಪ್ಪಿನ ಸಂತೆಗೆ ಹೋಗ್ತೀವಿ."

ಲುಬೋರ್ ಆಗಲೇ ಪಕ್ಕದ ಮೇಜಿನ ಮೇಲೆ ಹೊದಿಸಿದ್ದ ಬಟ್ಟೆಯ ತುದಿ ಹಿಡಿದಿದ್ದ. ಕೈ ಅಲ್ಲೇ ನಿಂತಿತು. ಬಟ್ಟೆಯ ಕೆಳಗೆ ಏನೋ ಎತ್ತರವಾಗಿ, ಮೂಲೆಗಳಲ್ಲಿ ಚೂಪಾಗಿ ನಿಂತಿತ್ತು.

ಚೆಕ್ ದೇಶದ ಒಲೊಮೌಟ್ಸ್ ಊರಿನ ಲುಬೋರ್‌ನ ಮನೆಯಲ್ಲಿ ಶನಿವಾರ ಮಧ್ಯಾಹ್ನ ಎಂದರೆ ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ. ವಾರವಿಡೀ ಟ್ರಾಮ್ ಓಡಿಸುವ ಲುಬೋರ್ ಶನಿವಾರ 'ಗುಹೆಯೊಡೆಯ'. ಆಟದ ಲೋಕದಲ್ಲಿ ದಾರಿ ಎಲ್ಲಿದೆ, ಮಳೆ ಬರುತ್ತದೋ ಇಲ್ಲವೋ, ಪೊದೆಯ ಹಿಂದೆ ಯಾರಿದ್ದಾರೆ ಎಂದು ಹೇಳುವವನು ಅವನು. ಆ ಲೋಕದಲ್ಲಿ ಬೊಹ್ದಾನಾ ನಾಟಿ ವೈದ್ಯೆ, ಅವಳ ಗಂಡ ಹೀನೆಕ್ ಕಳ್ಳ. ಏನು ಮಾಡುತ್ತೇವೆಂದು ಅವರು ಹೇಳಬೇಕು, ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸಬೇಕು. ಗುಹೆಯೊಡೆಯನ ದಾಳ ಮಾತ್ರ ರಟ್ಟಿನ ಪರದೆಯ ಹಿಂದೆ ಉರುಳುತ್ತದೆ. ಅದನ್ನು ಯಾರೂ ಇಣುಕಿ ನೋಡುವಂತಿಲ್ಲ. ನಾಲ್ಕನೆಯವಳಾದ ಕ್ವೇತಾ ಚಳಿಗಾಲಕ್ಕೆ ಮುಂಚೆ ಬರುವುದನ್ನು ಬಿಟ್ಟಳು. "ಅಲ್ಲಿ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದಷ್ಟೇ ಹೇಳಿದ್ದಳು. ಅವಳಿಗೆಂದು ಇಟ್ಟ ಮನೆಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇದೆ. ಇವರಿಬ್ಬರೂ ಹೋದರೆ ತನಗೆ ಶನಿವಾರವೇ ಇಲ್ಲ ಎಂಬ ಭಯ ಅಂದಿನಿಂದ ಲುಬೋರ್‌ನನ್ನು ಕಾಡುತ್ತಿದೆ.

ಪರದೆಯ ಹಿಂದೆ ಟಕಟಕ ಸದ್ದಾಯಿತು. "ನದಿ ಉಕ್ಕಿದೆ. ಸೇತುವೆ ಕೊಚ್ಚಿಕೊಂಡು ಹೋಗಿದೆ," ಎಂದ ಲುಬೋರ್.

"ಕ್ವೇತಾ ದಾಟ್ತೀನಿ ಅಂದಾಗ್ಲೂ ಇದೇ ಸೇತುವೆ ತಾನೇ ಮುರಿದಿದ್ದು? ಇರಲಿ, ಕಾಡಿನ ದಾರಿ ಹಿಡೀತೀವಿ," ಎಂದಳು ಬೊಹ್ದಾನಾ.

ಟಕಟಕ. "ತೋಳಗಳು ಬಂದ್ವು."

"ಮರ ಹತ್ತಿ ಕೂರ್ತೀವಿ. ಅವು ಹೋಗೋವರೆಗೂ ಇಳಿಯಲ್ಲ."

ಟಕಟಕ. "ಹೋದ್ವು. ಆದ್ರೆ ಮಂಜು ಕವೀತು. ನೀವು ಇಳಿದು ದಾರಿ ಕಾಣದೆ ನಡೆದ್ರಿ, ನಡೆದ್ರಿ. ಮಂಜು ಸರಿದಾಗ ನೋಡಿದ್ರೆ ಎದುರಿಗೆ..."

"ಕೋಟೆ," ಎಂದು ಹೀನೆಕ್ ಮುಗಿಸಿದ. "ವಾರವಿಡೀ ಜನರನ್ನ ಹಳಿ ಮೇಲೆ ಓಡಿಸ್ತೀಯ. ಶನಿವಾರನಾದ್ರೂ ನಮ್ಮನ್ನ ಕೆಳಗಿಳಿಸೋ ಮಾರಾಯ."

"ನಾನೇನ್ ಮಾಡ್ಲಿ? ದಾಳ ಹಾಗೆ ಬಿತ್ತು."

ಹೀನೆಕ್ ಬಿಯರ್ ಲೋಟ ಕೆಳಗಿಟ್ಟ. "ಯಾವ ದಾಳ? ನನ್ನ ದಾಳ ಬಟ್ಟೆ ಬೀರುವಿನ ಕೆಳಗೆ ಉರುಳಿಹೋಯ್ತು ಅಂತ ಆಗಲೇ ನಿನ್ನದು ಇಸ್ಕೊಂಡೆನಲ್ಲ." ಅವನು ಅಂಗೈ ಬಿಚ್ಚಿದ. ಲುಬೋರ್‌ನ ಹಸಿರು ದಾಳ ಅಲ್ಲಿತ್ತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಇಲ್ಲಿ ಆಟದ ಕಳ್ಳ ಹಾಯಾಗಿ ಕೂತಿದ್ದ, ಹುಳ್ಳಗಾದದ್ದು ಗುಹೆಯೊಡೆಯನ ಮುಖ. ಬೊಹ್ದಾನಾ ಕೈ ಚಾಚಿ ಪರದೆಯನ್ನು ಮಡಚಿದಳು. ಅದರ ಹಿಂದೆ ಇದ್ದದ್ದು ಲುಬೋರ್‌ನ ಟ್ರಾಮ್ ಸಮವಸ್ತ್ರದಿಂದ ಕಿತ್ತುಬಂದ ಒಂದು ಹಿತ್ತಾಳೆ ಗುಂಡಿ.

ಲುಬೋರ್ ಎದ್ದುಹೋಗಿ ಬಟ್ಟೆ ಸರಿಸಿದ. ರಟ್ಟು ಮತ್ತು ಪ್ಲಾಸ್ಟರ್‌ನಲ್ಲಿ ಮಾಡಿದ ಕೋಟೆ. ದಾರ ಎಳೆದರೆ ಏಳುವ ಹೆಬ್ಬಾಗಿಲು, ಕಿಟಕಿಗಳಲ್ಲಿ ಅಕ್ಕಿಕಾಳಿನಷ್ಟು ದೀಪಗಳು.

"ಚಳಿಗಾಲ ಪೂರ್ತಿ ಇದನ್ನೇ ಮಾಡ್ದೆ," ಎಂದ. "ಕ್ವೇತಾ ಹೋದ್ಲು. ಹಿಂದೆ ಮಾಡಿದ ಹಡಗು, ಗಣಿ ಎಲ್ಲಾ ಸಪ್ಪೆ ಆಯ್ತೇನೋ, ಇದನ್ನ ನೋಡಿದ್ರೆ ನೀವಾದ್ರೂ ಉಳೀತೀರ ಅಂದ್ಕೊಂಡೆ."

"ನಮಗೆ ಗೊತ್ತಿತ್ತು ಕಣೋ. ನಿನ್ನ ಉಗುರಲ್ಲಿ ಪ್ಲಾಸ್ಟರ್ ಕಂಡ್ರೆ ಸಾಕು, ಬಟ್ಟೆ ಅಡಿ ಏನೋ ಕಾಯ್ತಿದೆ ಅಂತ. ಪಾಪ, ಅಷ್ಟು ಕಷ್ಟಪಟ್ಟಿದ್ದಾನೆ ಅಂತ ಹಡಗೂ ಹತ್ತಿದ್ವಿ, ಗಣಿಗೂ ಇಳಿದ್ವಿ. ನನಗೆ ಗಣಿ ಅಂದ್ರೇ ಆಗಲ್ಲ," ಎಂದಳು ಬೊಹ್ದಾನಾ.

"ಪಾಪ ಅಂತಾನಾ?" ಲುಬೋರ್ ಕುರ್ಚಿಯಲ್ಲಿ ಕುಸಿದ. "ನನಗೆ ಆ ಅಂಟಿನ ವಾಸನೆ ಆಗಲ್ಲ. ತಲೆ ಸಿಡಿಯುತ್ತೆ. ನಿಮಗೆ ಇಷ್ಟ ಅಂತ ಮಾಡ್ತಿದ್ದೆ."

ಮೊದಲು ನಕ್ಕವನು ಹೀನೆಕ್. ಆಮೇಲೆ ಮೂವರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಲುಬೋರ್‌ಗೆ ಅವಮಾನವಾಗಬೇಕಿತ್ತು, ಆದದ್ದು ನಿರಾಳ. ಇನ್ನು ಹಡಗು ಕಟ್ಟಬೇಕಿಲ್ಲ, ಸೇತುವೆ ಮುರಿಯಬೇಕಿಲ್ಲ, ಒಂದಿಡೀ ಲೋಕವನ್ನು ಒಬ್ಬನೇ ಹೊತ್ತು ತಿರುಗಬೇಕಿಲ್ಲ. ತಲೆಯ ಮೇಲಿನ ಹೊರೆ ಇಳಿಸಿದವನಂತೆ ಕತ್ತನ್ನು ಅತ್ತಿತ್ತ ತಿರುಗಿಸಿಕೊಂಡ. ಹಸಿರು ದಾಳವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟ.

"ಸರಿ, ಆ ಜೇನಿನವನ ಹೆಸರೇನು?" ಎಂದು ಕೇಳಿದಳು ಬೊಹ್ದಾನಾ.

"ಗೊತ್ತಿಲ್ಲ. ದಾರೀಲಿ ಯಾರಾದ್ರೂ ಇರ್ಲಿ ಅಂತ ಸುಮ್ನೆ ತಂದಿದ್ದೆ ಅವನನ್ನ."

"ಸಂತೇಲಿ ಉಪ್ಪು ಬಿಟ್ಟು ಇನ್ನೇನು ಸಿಗುತ್ತೆ?"

"ಅದೂ ಗೊತ್ತಿಲ್ಲ," ಎಂದ. ಹಾಗೆ ಹೇಳುವುದು ಇಷ್ಟು ಹಗುರ ಎಂದು ಅವನಿಗೆ ತಿಳಿದೇ ಇರಲಿಲ್ಲ.

ಬೊಹ್ದಾನಾ ಫೋನ್ ತೆಗೆದು ಗುಂಡಿಯ ಫೋಟೋ ಹೊಡೆದಳು. ನಡೆದದ್ದನ್ನು ಚುಟುಕಾಗಿ ಬರೆದು ಕ್ವೇತಾಗೆ ಕಳಿಸಿದಳು. ಪ್ಲಮ್ ಹಣ್ಣಿನ ಬನ್ನುಗಳ ತಟ್ಟೆ ಮೇಜಿನ ಸುತ್ತ ಬರುವಷ್ಟರಲ್ಲಿ ಉತ್ತರ ಬಂತು. ಬೊಹ್ದಾನಾ ಅದನ್ನು ಗಟ್ಟಿಯಾಗಿ ಓದಿದಳು: "ನಾನು ಬಂದ್ರೆ ಸೇತುವೆ ಇರುತ್ತಾ?"

'ಇರುತ್ತೆ' ಎನ್ನಲು ಲುಬೋರ್ ಬಾಯಿ ತೆರೆದ, ಮತ್ತೆ ಮುಚ್ಚಿದ. ಬಾಗಿಲ ಬಳಿ ಹೋಗಿ ಕ್ವೇತಾಳ ಚಪ್ಪಲಿಯ ಧೂಳು ಕೊಡವಿ, ಜೋಡಿಸಿ ಇಟ್ಟ.

"ಬಂದು ಅವಳೇ ದಾಳ ಹಾಕಿ ನೋಡ್ಲಿ ಅನ್ನು."