ಒಬ್ಬರೂ ಬಿಡದ ಕಾಲೇಜು

ಆವತ್ತು ಮುಂಜಾನೆ ಕಾಲೇಜಿನ ಗೇಟೂ ಕಾಣದಷ್ಟು ಮಂಜು ಕವಿದಿತ್ತು. ದಾಕ್ಷಾಯಿಣಿ ಮಾತ್ರ ಕಣ್ಣು ಮುಚ್ಚಿಯೂ ಆ ದಾರಿ ನಡೆಯಬಲ್ಲಳು, ಟಿ.ಸಿ. ಕೇಳಲು ಅವಳು ಬಂದದ್ದು ಅದು ಏಳನೆಯ ಸಲ.

"ಸರ್, ಪಟ್ಟಣದಾಗ ಕೆಲಸ ಸಿಕ್ಕೈತ್ರಿ. ಅಲ್ಲೇ ಸಂಜಿ ಕಾಲೇಜ್ ಸೇರಿ ಡಿಗ್ರಿ ಮುಗಸ್ತೀನಿ. ಶುಕ್ರವಾರಕ್ಕ ಅಡ್ಮಿಷನ್ ಬಂದ್ ಆಗ್ತೈತ್ರಿ."

"ತಡಿಯವಾ," ಎಂದರು ಪ್ರಾಂಶುಪಾಲರು. "ಮಕ್ಕಳು ನಡುವ ಓದು ಬಿಡದಂಗ ನೋಡ್ಕೊಳ್ಳೋ ಯೋಜನೆಗೆ ವಿಶ್ವವಿದ್ಯಾಲಯ ಅನುದಾನ ಕೊಡಾಕತ್ತೈತಿ. ನಮ್ಮಲ್ಲಿ ಒಬ್ಬರೂ ಬಿಟ್ಟಿಲ್ಲಂತ ಬರದೀವಿ. ನೀ ಹೋದ್ರ ಹೆಂಗ?"

"ನಾ ಓದು ಬಿಡಾಕ ಹೊಂಟಿಲ್ರೀ ಸರ್, ಓದಾಕ ಹೊಂಟೀನಿ!"

"ಅದನ್ನ ಬರಿಯಾಕ ಫಾರ್ಮಿನಾಗ ಜಾಗಾ ಇಲ್ಲವಾ."

ಗೋಡೆಯ ಮೇಲಿನ ಸರಸ್ವತಿ ಪಟಕ್ಕೆ ಕೈಮುಗಿದು, "ತಾಯಿ, ನೀ ವರ ಕೊಟ್ರೂ ನಿನ್ನ ಪೂಜಾರಿ ಕೊಡವಲ್ಲ" ಎಂದು ಗೊಣಗುತ್ತ ಅವಳು ಹೊರಬಿದ್ದಳು.

ಶುಕ್ರವಾರ ಬಂತು, ಹೋಯಿತು. ಪಟ್ಟಣದ ಸಂಜೆ ಕಾಲೇಜಿನ ಬಾಗಿಲು ಆ ವರ್ಷಕ್ಕೆ ಮುಚ್ಚಿತು. ದಾಕ್ಷಾಯಿಣಿ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಏರಿಸಿದಳು.

ತಿಂಗಳು ಕಳೆದ ಮೇಲೆ ಪ್ರಾಂಶುಪಾಲರೇ ಹೇಳಿಕಳಿಸಿದರು. ಮೇಜಿನ ಮೇಲೆ ಅನುದಾನದ ಪತ್ರವಿತ್ತು.

"ಯೋಜನೆ ಮಂಜೂರಾತವಾ. ಆದ್ರ ಅದರಾಗ ಲೆಕ್ಕ ತೋರಸಾಕ ಈಗ ಓದು ಬಿಟ್ಟವರು ಬೇಕಾಗ್ಯಾರ," ಎಂದ ಅವರು ಕಪಾಟು ತೆರೆದು, ಅವಳ ಟಿ.ಸಿ.ಯನ್ನು ಅವಳ ಕೈಗಿಟ್ಟರು.