ಬೂದು ಕಾರಿಗೆ ಕೆಂಪು ಬಾಗಿಲು

ಸೀತಾಬರ್ಡಿ ಪೇಟೆಯ ಇಳಿಜಾರಿನಲ್ಲಿ ಬಟ್ಟೆಯ ಗಂಟು ಹೇರಿದ್ದ ಕೈಗಾಡಿಯೊಂದು ಹಿಡಿತ ತಪ್ಪಿ ಬಂದು, ಚಾರುಲತಾ ನಿಲ್ಲಿಸಿದ್ದ ಬೂದು ಬಣ್ಣದ ಕಾರಿನ ಎಡಬಾಗಿಲಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾಗಿಲು ಮಾತ್ರ ಒಳಕ್ಕೆ ಮಡಚಿಕೊಂಡು, ತೆಗೆಯಲೂ ಬಾರದೆ ಹಾಕಲೂ ಬಾರದೆ ನಿಂತಿತು. ಹೊರರಾಜ್ಯದ ಆ ಊರಿನ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಚಾರುಲತಾ ಬಡ್ತಿ ಸಿಕ್ಕ ಖುಷಿಗೆ ಕೊಂಡ ಗಾಡಿ ಅದು. ನೋಡಲು ಪುಟ್ಟದು, ಓಟದಲ್ಲಿ ದೊಡ್ಡ ಗಾಡಿಗಳನ್ನು ನಾಚಿಸುವಂಥದ್ದು. ಆಚೆಗೊಂದು ಈಚೆಗೊಂದು ಉದ್ದನೆಯ ಬಾಗಿಲು, ಹಿಂದೆ ಡಿಕ್ಕಿಯದೊಂದು, ಒಟ್ಟು ಮೂರೇ.

ಆ ಉದ್ದನೆಯ ಬಾಗಿಲೇ ಈಗ ತೊಂದರೆಯಾಯಿತು. ಐದು ಬಾಗಿಲಿನ ಗಾಡಿಯದು ಇದಕ್ಕೆ ಕೂರುವುದಿಲ್ಲ. ಮೂರು ಬಾಗಿಲಿನ ಗಾಡಿ ಮಾಡುವುದನ್ನೇ ಕಂಪನಿ ಬಿಟ್ಟಿತ್ತು. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂದು ಶೋರೂಮಿನವನು ಎತ್ತರದ ಗಾಡಿಯೊಂದನ್ನು ತೋರಿಸಿದ. ಓಟದ ಗಾಡಿಯ ಗುರುತೆಂದು ಅವಳ ಕಾರಿನ ಬೆನ್ನಿಗೆ ಸಣ್ಣದಾಗಿ ಇದ್ದ ಅಕ್ಷರಗಳೇ ಇದರ ಮೂತಿಯ ಮೇಲೆ, ಸ್ಟೇರಿಂಗಿನ ಮೇಲೆ, ಕೊನೆಗೆ ಕಾಲೊರಸಿನ ಮೇಲೂ ಹೊಳೆಯುತ್ತಿದ್ದವು. ಎಂಜಿನ್ ಯಾವುದೆಂದು ಚಾರುಲತಾ ಕೇಳಿದಳು. ಮಾಮೂಲಿ ಮಾಡೆಲಿನದೇ ಎಂದು ಅವನು ಒಪ್ಪಿಕೊಂಡ. ಸೀಟಿನ ಕೆಂಪು ಹೊಲಿಗೆ ಮಾತ್ರ ವಿಶೇಷವಂತೆ.

ಬಾಗಿಲು ಸಿಗದಿದ್ದರೆ ಗಾಡಿ ಗುಜರಿಗೇ ಎಂದ ಗ್ಯಾರೇಜಿನ ನಿತಿನ್. ಊರಿನಲ್ಲಿ ಇಂಥದ್ದು ಇನ್ನೊಂದೇ ಇದೆ, ಕೆಂಪು ಬಣ್ಣದ್ದು. ಕಾಮಠಿ ರಸ್ತೆಯ ಕರಿಯಪ್ಪ ಸಾಹೇಬರದು, ವಾಯುಪಡೆಯಿಂದ ನಿವೃತ್ತರಾದವರು. ಬಹಳ ದಿನದಿಂದ ಅದು ರಸ್ತೆಗೆ ಬಂದಿಲ್ಲ, ಕೇಳಿ ನೋಡಿ ಎಂದ.

ಭಾನುವಾರ ಚಾರುಲತಾ ಅವರ ಮನೆಗೆ ಹೋಗಿ, ಹಿಂದಿಯಲ್ಲಿ ತನ್ನ ಪರಿಚಯ ಹೇಳಿಕೊಂಡಳು. ಎಪ್ಪತ್ತರ ಆಸುಪಾಸಿನ ಕರಿಯಪ್ಪ ಕಾರಿನ ಹೊದಿಕೆ ಸರಿಸಿದರು. ಧೂಳಿನ ಒಂದು ಕಣವೂ ಇರಲಿಲ್ಲ. "ಎಷ್ಟ್ ಚಂದ ಇಟ್ಟಾರ," ಎಂದು ಚಾರುಲತಾ ತನ್ನಷ್ಟಕ್ಕೆ ಅಂದುಕೊಂಡದ್ದು ಅವರ ಕಿವಿಗೆ ಬಿತ್ತು.

"ನಾನಲ್ಲಮ್ಮ, ನಮ್ಮ ದೇಚಮ್ಮ ಇಟ್ಟಿರೋದು," ಎಂದರು ಕರಿಯಪ್ಪ, ಕನ್ನಡದಲ್ಲೇ.

ಆಮೇಲೆ ಅವಳೂರು ಧಾರವಾಡ, ಅವರೂರು ಮಡಿಕೇರಿ ಎಂದು ಮಾತು ಹರಿಯಿತು. ಶೋರೂಮಿನ ಕಥೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಿಗೆ ರೆಕ್ಕೆಯ ಬಿಲ್ಲೆ ಚುಚ್ಚಿಕೊಂಡವರೆಲ್ಲ ವಿಮಾನ ಹಾರಿಸುವಂತಿದ್ದರೆ ತಮಗೆ ಸಂಬಳ ಯಾರು ಕೊಡುತ್ತಿದ್ದರು ಎಂದರು. ಆದರೆ ಅವಳು ಬಾಗಿಲಿನ ವಿಷಯ ಎತ್ತಿದ ಕೂಡಲೇ ನಗು ನಿಂತಿತು. ಅವರು ಒಳಗೆ ಹೋದರು.

ಕಾಫಿ ತಂದ ಅವರ ಹೆಂಡತಿ ದೇಚಮ್ಮ ದನಿ ತಗ್ಗಿಸಿ ಹೇಳಿದರು. ಕರಿಯಪ್ಪನವರ ಎರಡು ಕಣ್ಣೂ ಮಂಜಾಗಿವೆ, ವಾಸಿಯಾಗುವಂಥದ್ದಲ್ಲ. ಡಾಕ್ಟರು ಇನ್ನು ಗಾಡಿ ಮುಟ್ಟಲೇಬೇಡಿ ಎಂದಿದ್ದಾರೆ. ಆದರೂ ದಿನಾ ಬೆಳಿಗ್ಗೆ ಹೋಗಿ ಕೂತು, ಎಂಜಿನ್ ಶುರು ಮಾಡಿ, ಸ್ವಲ್ಪ ಹೊತ್ತಾದ ಮೇಲೆ ಆರಿಸಿ ಬರುತ್ತಾರೆ. "ಮುಂದಿನ ತಿಂಗಳು ಓಡಿಸ್ತೀನಿ ಅಂತಾರೆ. ನಾನೂ ಹೂಂ ಅಂತೀನಿ."

ಚಾರುಲತಾ ಕಾಫಿಯ ಲೋಟ ಕೆಳಗಿಟ್ಟಳು. ಕರಿಯಪ್ಪ ಹೊರಗೆ ಬಂದಾಗ ಎದ್ದು ನಿಂತು, "ಬ್ಯಾಡ್ರಿ ಸರ್, ನಾ ಬ್ಯಾರೆ ಕಡೆ ನೋಡ್ತೀನಿ," ಎಂದಳು. ಅವರು ತಲೆಯಾಡಿಸಿ, ಕಾರಿಗೆ ಮತ್ತೆ ಹೊದಿಕೆ ಎಳೆದರು.

ಬೇರೆ ಕಡೆ ಎಲ್ಲಿಯೂ ಸಿಗಲಿಲ್ಲ. ಗುಜರಿಗೆ ಒಪ್ಪಿಕೊಂಡು, ಕಾರಿನಲ್ಲಿದ್ದ ಕೊಡೆ, ಕನ್ನಡಕ, ಡ್ಯಾಶ್‌ಬೋರ್ಡಿನ ಪುಟ್ಟ ಗಣಪತಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಳ್ಳಲು ಅವಳು ಗ್ಯಾರೇಜಿಗೆ ಹೋದಳು. ಆಗಲೇ ಸಾಮಾನು ಸಾಗಿಸುವ ಟೆಂಪೊ ಒಂದು ಬಂದು ನಿಂತಿತು. ಹಿಂದೆ ಕರಿಯಪ್ಪ ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ, ಕಂಬಳಿ ಸುತ್ತಿದ ಕೆಂಪು ಬಾಗಿಲನ್ನು ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

ನಿತಿನನ ಕೈ ಹಿಡಿದು ಇಳಿದು, ಬಟ್ಟೆ ಕೊಡವಿಕೊಂಡು, "ಎರಡು ಗಾಡಿ ನಿಂತಿರೋದಕ್ಕಿಂತ ಒಂದು ಓಡೋದು ಮೇಲು, ಅಲ್ವಾಮ್ಮ?" ಎಂದರು.

ಚಾರುಲತಾ ಬೆಲೆಯ ಮಾತೆತ್ತಿದರೆ ಕೇಳಿಸಿಕೊಳ್ಳಲಿಲ್ಲ. ಒಂದು ಸುತ್ತು ಕರೆದುಕೊಂಡು ಹೋದರೆ ಸಾಕು ಎಂದರು. ಬಾಗಿಲು ಕೂಡಿಸಿದ ಮೇಲೆ ನಿತಿನ್ ಅದಕ್ಕೂ ಬೂದು ಬಣ್ಣ ಹೊಡೆಯಲು ಹೊರಟ. ಅದು ಕೆಂಪಗೇ ಇರಲಿ ಎಂದು ಚಾರುಲತಾ ತಡೆದಳು.

ಮುಂದಿನ ಭಾನುವಾರ ಬೆಳಿಗ್ಗೆ ಮೂವರೂ ಕಳಮೇಶ್ವರದ ದಾರಿ ಹಿಡಿದರು. ದೇಚಮ್ಮ ಮುಂದಿನ ಸೀಟು ಮಡಚಿಸಿ, ಸೀರೆ ಎತ್ತಿ ಹಿಡಿದು, ಇದು ಕಾರೋ ಬಿಲವೋ ಎನ್ನುತ್ತ ಹಿಂದೆ ನುಸುಳಿದರು. ಕರಿಯಪ್ಪ ಕೆಂಪು ಬಾಗಿಲಿನ ಮೇಲೆ ಒಮ್ಮೆ ಅಂಗೈ ಆಡಿಸಿ ಒಳಗೆ ಕೂತರು. ಊರು ದಾಟಿತು. ಮುಂದೆ ರಸ್ತೆ ಅಗಲವಾಗಿ, ಖಾಲಿಯಾಗಿ ಸಿಕ್ಕಿತು. ಚಾರುಲತಾ ವೇಗ ಹೆಚ್ಚಿಸಿದಳು. ಪುಟ್ಟ ಕಾರು ಇದಕ್ಕೇ ಕಾಯುತ್ತಿದ್ದಂತೆ ಮುಂದಕ್ಕೆ ಚಿಮ್ಮಿತು. ಹಿಂದಿನಿಂದ ದೇಚಮ್ಮ ತಮ್ಮ ದೇವರು ಇಗ್ಗುತ್ತಪ್ಪನನ್ನು ನೆನೆದರು, ನೆನೆದು, ನಕ್ಕರು.

ಕರಿಯಪ್ಪ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ದನಿ ಏರುವುದನ್ನು ಕೇಳುತ್ತಿದ್ದರು.

"ತಡಿ," ಎಂದರು. "ಇನ್ನೂ ಸ್ವಲ್ಪ. ಈಗ ಹಾಕು ಮೂರನೇದು."

ಚಾರುಲತಾ ಗೇರ್ ಬದಲಿಸಿದಳು. ಕ್ಲಚ್ಚೇ ಇಲ್ಲದ ಕಡೆ, ಅವಳಿಗಿಂತ ಒಂದು ಕ್ಷಣ ಮೊದಲೇ, ಅವರ ಎಡಗಾಲು ನೆಲವನ್ನು ಒತ್ತಿ ಬಿಟ್ಟಿತ್ತು.